ಮಾದಕವಸ್ತು ಸಾವು: ಗೋವಾದಲ್ಲಿ ಪೂರೈಕೆದಾರರ ಕ್ರಿಮಿನಲ್ ಹೊಣೆ

ಮಾದಕವಸ್ತು ಸೇವಿಸಿದವರು ಸತ್ತರೆ, ಕೊಟ್ಟವರು ಬರೀ ಮಾರಾಟದ ಅಪರಾಧಿಯೋ, ಸಾವಿಗೂ ಹೊಣೆಗಾರರೋ? ಗೋವಾದಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕಿರುವುದು ಕಾಯ್ದೆಯ ಪುಟಗಳಿಗಿಂತ ಹೆಚ್ಚಾಗಿ ಅಂಜುನಾ ಕಡಲತೀರದ ಎರಡು ಸಾವುಗಳ ಪ್ರಕರಣಗಳಲ್ಲಿ.

ಹಿಪ್ಪಿಗಳು 1960ರ ದಶಕದ ಕೊನೆಯಲ್ಲಿ ಅಂಜುನಾಕ್ಕೆ ಬಂದು ನೆಲೆಸಿದಾಗ ಮಾದಕವಸ್ತು ಕುರಿತ ಕಾನೂನುಗಳು ಹಳೆಯವು, ಶಿಕ್ಷೆಯೂ ಹಗುರ. 1985ರ ನವೆಂಬರ್ 14ರಂದು ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆ ಜಾರಿಗೆ ಬಂತು. 2001ರ ತಿದ್ದುಪಡಿಯ ನಂತರ ಶಿಕ್ಷೆಯನ್ನು ತೂಕ ನಿರ್ಧರಿಸತೊಡಗಿತು. ಎಂಡಿಎಂಎ ಎಂಬ ಮಾದಕವಸ್ತು ಅರ್ಧ ಗ್ರಾಂವರೆಗೆ ಇದ್ದರೆ ‘ಅಲ್ಪ ಪ್ರಮಾಣ’, 10 ಗ್ರಾಂ ದಾಟಿದರೆ ‘ವಾಣಿಜ್ಯ ಪ್ರಮಾಣ’. ಎರಡನೆಯದಕ್ಕೆ ಕನಿಷ್ಠ 10 ವರ್ಷ ಜೈಲು. ಆ ಅರ್ಧ ಗ್ರಾಂ ಒಬ್ಬರ ಜೀವ ತೆಗೆದರೂ ಲೆಕ್ಕ ಬದಲಾಗದು. ಸಾವಿಗೆ ಪ್ರತ್ಯೇಕ ಶಿಕ್ಷೆ ಈ ಕಾಯ್ದೆಯಲ್ಲಿಲ್ಲ. ಪೊಲೀಸರು ಅದಕ್ಕಾಗಿ ದಂಡ ಸಂಹಿತೆಯ ಕದ ತಟ್ಟಬೇಕಿತ್ತು.

ಹೆಂಡದ ವಿಷಯದಲ್ಲಿ ಕಾನೂನು ಇಷ್ಟು ಸಂಕೋಚಪಟ್ಟಿಲ್ಲ ಎಂಬುದು ಕುತೂಹಲದ ಸಂಗತಿ. ಕೇರಳದ ಅಬಕಾರಿ ಕಾಯ್ದೆಯ 57ಎ ಕಲಂ, ವಿಷ ಬೆರೆತ ಮದ್ಯದಿಂದ ಸಾವಾದರೆ ಮರಣದಂಡನೆಯವರೆಗೂ ಹೋಗುತ್ತದೆ. 2000ದಲ್ಲಿ 31 ಮಂದಿ ಸತ್ತ ಕೊಲ್ಲಂ ಜಿಲ್ಲೆಯ ಕಲ್ಲುವಾತುಕ್ಕಲ್ ಕಳ್ಳಭಟ್ಟಿ ದುರಂತದ ಪ್ರಮುಖ ಆರೋಪಿಗೆ ಜೀವಾವಧಿ ಶಿಕ್ಷೆಯಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಗೋವಾದ ಮೊದಲ ದೊಡ್ಡ ಪ್ರಕರಣ 2008ರದು. ಫೆಬ್ರವರಿ 18ರ ಬೆಳಿಗ್ಗೆ ಅಂಜುನಾ ತೀರದಲ್ಲಿ 15 ವರ್ಷದ ಬ್ರಿಟಿಷ್ ಬಾಲಕಿಯ ಶವ ಸಿಕ್ಕಿತು. ನೀರಿನಲ್ಲಿ ಮುಳುಗಿ ಸತ್ತಿದ್ದಾಳೆ ಎಂದು ಪೊಲೀಸರು ಕೈತೊಳೆದುಕೊಳ್ಳಲು ನೋಡಿದರು. ತಾಯಿ ಬಿಡಲಿಲ್ಲ. ಎರಡನೇ ಮರಣೋತ್ತರ ಪರೀಕ್ಷೆಯಲ್ಲಿ ಮೈತುಂಬ ಗಾಯಗಳು ಕಂಡುಬಂದವು, ತನಿಖೆ ಸಿಬಿಐಗೆ ಹೋಯಿತು. ಬೀಚ್ ಶ್ಯಾಕ್‌ನ ನಂಟಿದ್ದ ಇಬ್ಬರು ಸ್ಥಳೀಯರು ಆಕೆಗೆ ಮಾದಕವಸ್ತು ಕೊಟ್ಟರು, ಅವರಲ್ಲೊಬ್ಬ ಲೈಂಗಿಕವಾಗಿ ಪೀಡಿಸಿ ಅಂಚಿನ ನೀರಿನಲ್ಲಿ ಬಿಟ್ಟುಹೋದ ಎಂಬುದು ಆರೋಪ. ವಿಚಾರಣೆ ವರ್ಷಗಟ್ಟಲೆ ಎಳೆಯಿತು. ಮುಖ್ಯ ಸಾಕ್ಷಿಯಾಗಬೇಕಿದ್ದ ವಿದೇಶಿಯೊಬ್ಬ ಕೋರ್ಟಿಗೆ ಬರಲೇ ಇಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಗೋವಾ ಮಕ್ಕಳ ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿತು.

ಬಾಂಬೆ ಹೈಕೋರ್ಟಿನ ಗೋವಾ ಪೀಠ 2019ರ ಜುಲೈನಲ್ಲಿ ಒಬ್ಬನ ಖುಲಾಸೆಯನ್ನು ರದ್ದುಮಾಡಿತು. ಕೊಲೆಯಲ್ಲದ ಮಾನವಹತ್ಯೆ ಸೇರಿ ಹಲವು ಅಪರಾಧಗಳಿಗಾಗಿ ಅವನಿಗೆ 10 ವರ್ಷ ಕಠಿಣ ಶಿಕ್ಷೆ. ಇನ್ನೊಬ್ಬ ಬಿಡುಗಡೆಯಾಗಿಯೇ ಉಳಿದ. ಇಲ್ಲಿ ದೋಷಿಯಾದವನ ಮೇಲಿದ್ದುದು ಬರೀ ಪುಡಿ ಮಾರಿದ ಆರೋಪವಲ್ಲ ಎಂಬುದನ್ನು ಗಮನಿಸಬೇಕು. ಕೊಟ್ಟದ್ದು ಅಪ್ರಾಪ್ತೆಗೆ, ನಂತರ ದೌರ್ಜನ್ಯ, ಆಮೇಲೆ ಸಾಕ್ಷ್ಯನಾಶ.

ಬ್ರಿಟನ್ನಿನಲ್ಲೂ ಗೆರೆ ಹೆಚ್ಚುಕಡಿಮೆ ಅಲ್ಲೇ ಬಿದ್ದಿದೆ. 2007ರ ಕೆನಡಿ ಪ್ರಕರಣದಲ್ಲಿ ಹೌಸ್ ಆಫ್ ಲಾರ್ಡ್ಸ್, ಪ್ರಾಪ್ತ ವಯಸ್ಕನೊಬ್ಬ ತಿಳಿದೂ ತಿಳಿದೂ ತಾನೇ ಚುಚ್ಚಿಕೊಂಡರೆ ಸಿರಿಂಜ್ ಕೊಟ್ಟವನು ಮಾನವಹತ್ಯೆಯ ಅಪರಾಧಿಯಲ್ಲ ಎಂದಿತು. ಅಮೆರಿಕ ಬೇರೆ ದಾರಿ ಹಿಡಿಯಿತು. 1986ರ ಜೂನ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಲೆನ್ ಬಯಾಸ್ ಕೊಕೇನ್‌ನಿಂದ ಸತ್ತ ಕೆಲವೇ ತಿಂಗಳಲ್ಲಿ, ಸಾವಿಗೆ ಕಾರಣವಾದ ಮಾರಾಟಕ್ಕೆ ಕನಿಷ್ಠ 20 ವರ್ಷ ಎಂಬ ಕಾನೂನು ಅಲ್ಲಿ ಬಂತು. ಅತ್ತ ಬಯಾಸ್‌ಗೆ ಕೊಕೇನ್ ಕೊಟ್ಟನೆಂದು ಆರೋಪ ಹೊತ್ತ ಗೆಳೆಯ ಮಾತ್ರ ಮರುವರ್ಷ ಖುಲಾಸೆಯಾದ.

ಗೋವಾದ ಎರಡನೇ ಪ್ರಕರಣ ಹರಿಯಾಣದ ಬಿಜೆಪಿ ನಾಯಕಿ, ನಟಿ ಸೋನಾಲಿ ಫೋಗಟ್ ಅವರದು. 2022ರ ಆಗಸ್ಟ್ 23ರಂದು ಅವರನ್ನು ಅಂಜುನಾದ ಆಸ್ಪತ್ರೆಗೆ ತರುವಷ್ಟರಲ್ಲಿ ಪ್ರಾಣ ಹೋಗಿತ್ತು. ಮೊದಲು ಕೇಳಿಬಂದದ್ದು ಹೃದಯಾಘಾತ. ಮನೆಯವರು ಒಪ್ಪಲಿಲ್ಲ. ಹಿಂದಿನ ರಾತ್ರಿ ಅವರಿದ್ದ ಕರ್ಲೀಸ್ ರೆಸ್ಟೋರೆಂಟಿನ ಸಿಸಿಟಿವಿಯಲ್ಲಿ ಸಹಚರನೊಬ್ಬ ಬಾಟಲಿಯಿಂದ ಬಲವಂತವಾಗಿ ಕುಡಿಸುವುದು ಕಾಣುತ್ತದೆ ಎಂದರು ಪೊಲೀಸರು. ಅಲ್ಲಿನ ಶೌಚಾಲಯದಲ್ಲಿ ಮೆಥಾಂಫೆಟಮೈನ್ ಕೂಡ ಸಿಕ್ಕಿತು.

ಮುಂದಾದ ಹಂಚಿಕೆಯೇ ಈ ಇತಿಹಾಸದ ತಿರುಳು. ಕೊಲೆ ಆರೋಪ ಬಂದದ್ದು ಜೊತೆಗಿದ್ದ ಇಬ್ಬರ ಮೇಲೆ. ತನಿಖೆ ವಹಿಸಿಕೊಂಡ ಸಿಬಿಐ ಅದೇ ವರ್ಷದ ನವೆಂಬರ್‌ನಲ್ಲಿ ದೋಷಾರೋಪ ಪಟ್ಟಿ ಸಲ್ಲಿಸಿತು. ಮಾಲು ಪೂರೈಸಿದವರೆಂದು ಹಿಡಿದವರನ್ನೂ ರೆಸ್ಟೋರೆಂಟ್ ಮಾಲೀಕನನ್ನೂ ಎನ್‌ಡಿಪಿಎಸ್ ಅಡಿ ಬಂಧಿಸಲಾಯಿತು. ಕುಡಿಸಿದವರಿಗೆ ಒಂದು ಕಾನೂನು, ಮಾರಿದವರಿಗೆ ಇನ್ನೊಂದು.

2024ರ ಜುಲೈ 1ರಂದು ದಂಡ ಸಂಹಿತೆಯ ಬದಲಿಗೆ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ಈ ವಿಂಗಡಣೆಯನ್ನು ಕೊಂಚ ಕಲಕಿದೆ. ಅದರ 111ನೇ ಕಲಂ ಮಾದಕವಸ್ತು ಸಾಗಣೆಯನ್ನು ಸಂಘಟಿತ ಅಪರಾಧಗಳ ಸಾಲಿಗೆ ಸೇರಿಸಿ, ಅದರಿಂದ ಸಾವಾದರೆ ಮರಣದಂಡನೆ ಇಲ್ಲವೇ ಜೀವಾವಧಿ, ಜೊತೆಗೆ ಕನಿಷ್ಠ 10 ಲಕ್ಷ ರೂಪಾಯಿ ದಂಡ ಎನ್ನುತ್ತದೆ. ಆದರೆ ಅಪರಾಧ ಒಂದು ಕೂಟದ್ದಾಗಿರಬೇಕು, ಹಿಂದಿನ 10 ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ದೋಷಾರೋಪ ಪಟ್ಟಿಗಳಿರಬೇಕು. ಸೀಸನ್ನಿನಲ್ಲಿ ಬೀಚಿನಲ್ಲಿ ಅಡ್ಡಾಡಿ ನಾಲ್ಕು ಮಾತ್ರೆ ಮಾರುವ ಒಂಟಿ ಹುಡುಗನಿಗೆ ಈ ಕಲಂ ಹಚ್ಚುವುದು ಕಷ್ಟ. ಅವನ ಶಿಕ್ಷೆ ಈಗಲೂ ಜೇಬಿನಲ್ಲಿ ಸಿಕ್ಕ ಗ್ರಾಂಗಳ ಮೇಲೆಯೇ ನಿಂತಿದೆ.