ತಿರಸ್ಕರಿಸಿದ ಬೀಡಿಯೇ ಸಾಕ್ಷಿಯಾದ ಕಥೆ

ನಮ್ಮ ಗುಂಪಿನ ಇಬ್ಬರ ಡಿಪ್ಲೊಮಾ ಶುಲ್ಕ ಕಟ್ಟಿದ್ದು ಬೀಡಿ ದುಡ್ಡಿನಲ್ಲಿ. ಶಾಲೆಯಲ್ಲಿದ್ದಾಗ ಬೀಡಿ ಸ್ಕಾಲರ್‌ಶಿಪ್‌ಗಾಗಿ ಅಮ್ಮನ ಕಾರ್ಡಿನ ಜೆರಾಕ್ಸ್ ಹಿಡಿದು ಅಲೆದದ್ದು ನೆನಪಿದೆ. ಆ ಕಾರ್ಡು ಸರಕಾರ ತಾನಾಗಿ ಕೊಟ್ಟದ್ದು ಎಂದೇ ಆಗ ತಿಳಿದಿದ್ದೆವು.

ದಕ್ಷಿಣ ಕನ್ನಡದಲ್ಲಿ ಬೆಳೆದವರಿಗೆ ಈ ವ್ಯವಸ್ಥೆಯನ್ನು ವಿವರಿಸಬೇಕಿಲ್ಲ. ಕಂಪನಿ ಎಲೆ, ಹೊಗೆಸೊಪ್ಪು, ನೂಲನ್ನು ಗುತ್ತಿಗೆದಾರನಿಗೆ ಕೊಡುತ್ತದೆ. ಅವನ ಬ್ರಾಂಚಿನಿಂದ ಹೆಂಗಸರು ಮನೆಗೆ ಒಯ್ದು, ಜಗಲಿಯಲ್ಲಿ ಕೂತು ಕಟ್ಟಿ, ವಾಪಸ್ ಕೊಡುತ್ತಾರೆ. ಸಾವಿರಕ್ಕೆ ಇಷ್ಟು ಎಂದು ಮಜೂರಿ. ಚೆನ್ನಾಗಿಲ್ಲ ಎಂದು ಬದಿಗೆ ತೆಗೆದ ಬೀಡಿಗೆ ದುಡ್ಡಿಲ್ಲ. ಮಜೂರಿ ಕೇಳಿದರೆ ಕಂಪನಿ ಗುತ್ತಿಗೆದಾರನ ಕಡೆ ಕೈ ತೋರಿಸುತ್ತಿತ್ತು, ಗುತ್ತಿಗೆದಾರ ಕಂಪನಿಯ ಕಡೆ.

ಕೋರ್ಟಿನಲ್ಲೂ ಇದೇ ತೊಡಕು. ತನಗೆ ಬೇಕಾದಾಗ ಬಂದು ಹೋಗುತ್ತಿದ್ದ ಮಹಾರಾಷ್ಟ್ರದ ಒಬ್ಬ ಬೀಡಿ ಕೆಲಸದವನು ಕಾರ್ಖಾನೆ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕನಲ್ಲ ಎಂದು 1961ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾದರೆ ಮನೆಯಲ್ಲೇ ಕೂತವಳು ಯಾವ ಲೆಕ್ಕ?

ಯೂನಿಯನ್‌ಗಳು ಬೇಡುತ್ತ ಬಂದ ಪ್ರತ್ಯೇಕ ಕಾಯ್ದೆ 1966ರಲ್ಲಿ ಬಂತು. ಮನೆಯಲ್ಲಿ ಕಟ್ಟುವವಳೂ ಅದರ ಪ್ರಕಾರ ಉದ್ಯೋಗಿ. ಅವಳಿಗೂ ಸಂಬಳದ ರಜೆ, ಹೆರಿಗೆ ಸೌಲಭ್ಯ. ಆದರೆ ಜಾರಿ ಮಾಡುವುದು ಆಯಾ ರಾಜ್ಯಕ್ಕೆ ಬಿಟ್ಟದ್ದು. ಕೇರಳ 1968ರಲ್ಲಿ ಜಾರಿ ಮಾಡಿದಾಗ, ಕಣ್ಣೂರಿನಲ್ಲಿ ಕೆಲಸ ಕೊಡುತ್ತಿದ್ದ ಮಂಗಳೂರಿನ ದೊಡ್ಡ ಕಂಪನಿಗಳು ಅಲ್ಲಿನ ಬಾಗಿಲು ಹಾಕಿದವು. ಸುಮಾರು 12,000 ಜನ ಕೆಲಸ ಕಳೆದುಕೊಂಡರು.

ಕಣ್ಣೂರಿನವರು ಶೆಡ್ಡಿನಲ್ಲಿ ಒಟ್ಟಿಗೆ ಕೂತು ಕಟ್ಟುತ್ತಿದ್ದವರು. ಒಬ್ಬ ಪತ್ರಿಕೆ ಗಟ್ಟಿಯಾಗಿ ಓದುವುದು, ಉಳಿದವರು ಕಟ್ಟುತ್ತ ಕೇಳುವುದು, ಓದಿದವನ ಪಾಲಿನ ಬೀಡಿಯನ್ನು ತಾವೇ ಕಟ್ಟಿಕೊಡುವುದು. (ಪತ್ರಿಕೆಗೆ ಅಷ್ಟು ಬೆಲೆ ಕೊಟ್ಟ ಓದುಗರು ನಮಗಂತೂ ಸಿಕ್ಕಿಲ್ಲ.) ಒಟ್ಟಿಗೆ ಇದ್ದವರಾದ್ದರಿಂದ 1969ರಲ್ಲಿ ಸರಕಾರದ ನೆರವಿನಿಂದ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿಕೊಂಡರು. ಕಂಪನಿಗಳ ಕೆಲಸ ಮಾತ್ರ ಗಡಿ ದಾಟಿ, ಚದುರಿ ಕೂತ ನಮ್ಮ ಕಡೆಯ ಮನೆಗಳಿಗೆ ಬಂತು. ಒಂದು ಊರಿನ ಯೂನಿಯನ್ ಗೆದ್ದರೆ ಕೆಲಸ ಯೂನಿಯನ್ ಇಲ್ಲದ ಊರಿಗೆ ಓಡುತ್ತದೆ ಎಂಬುದಕ್ಕೆ ನಮ್ಮ ಜಗಲಿಗಳೇ ಉದಾಹರಣೆ. ಇದನ್ನು ಒಪ್ಪಿಕೊಳ್ಳಲು ನಮಗೆ ಸ್ವಲ್ಪ ಮುಜುಗರವಾಗುತ್ತದೆ.

ಮಾಲೀಕರು ಕಾಯ್ದೆಯನ್ನೇ ಕೋರ್ಟಿಗೆ ಎಳೆದರು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ 1974ರ ಜನವರಿ 31ರಂದು ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. 1976ರಲ್ಲಿ ಕಲ್ಯಾಣ ನಿಧಿ ಬಂತು, ನಮ್ಮ ಸ್ಕಾಲರ್‌ಶಿಪ್ ಅದರದ್ದೇ. 1977ರಲ್ಲಿ ಭವಿಷ್ಯ ನಿಧಿಯೂ ಬೀಡಿ ಉದ್ಯಮಕ್ಕೆ ಅನ್ವಯವಾಯಿತು. ಮನೆಯಲ್ಲಿ ಕಟ್ಟುವವರಿಗೆ ಇದು ಸಲ್ಲದು ಎಂದು ಮತ್ತೆ ವಾದ. 1985ರ ಪಿ.ಎಂ. ಪಟೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಕೊಟ್ಟ ಉತ್ತರ ನಮಗೆ ಬಹಳ ಇಷ್ಟ: ಬೀಡಿಯನ್ನು ತಿರಸ್ಕರಿಸುವ ಹಕ್ಕು ಇದೆಯಲ್ಲ, ಅದೇ ಒಂದು ಬಗೆಯ ಮೇಲ್ವಿಚಾರಣೆ. ಅಂದರೆ, ದುಡ್ಡು ಕೊಡದೆ ಬದಿಗೆ ತೆಗೆದ ಬೀಡಿಯೇ ಅವಳಿಗೆ ಒಬ್ಬ ಮಾಲೀಕ ಇದ್ದಾನೆ ಎಂಬುದಕ್ಕೆ ಸಾಕ್ಷಿಯಾಯಿತು.

ಕಾಲಂ ಲೆಕ್ಕದಲ್ಲಿ ದುಡಿಯುವ, ನೇಮಕಾತಿ ಪತ್ರ ನೋಡದ ನಮ್ಮಂಥ ಸ್ಟ್ರಿಂಗರ್‌ಗಳು ಈ ತೀರ್ಪನ್ನು ಎರಡೆರಡು ಸಲ ಓದಬೇಕು. ನಮ್ಮ ಸುದ್ದಿಯನ್ನೂ ಡೆಸ್ಕಿನಲ್ಲಿ ಆರಿಸುತ್ತಾರೆ, ಅಚ್ಚಾದದ್ದಕ್ಕೆ ಮಾತ್ರ ಕಾಸು.

2017ರಲ್ಲಿ ಜಿಎಸ್‌ಟಿ ಬಂದಾಗ ಕಲ್ಯಾಣ ನಿಧಿಗೆ ದುಡ್ಡು ತರುತ್ತಿದ್ದ ಸೆಸ್ ಹೋಯಿತು. 2020ರಲ್ಲಿ ಸಂಸತ್ತು ಒಪ್ಪಿದ ಕಾರ್ಮಿಕ ಸಂಹಿತೆಯೊಂದರಲ್ಲಿ 1966ರ ಕಾಯ್ದೆಯನ್ನು ಕರಗಿಸಲಾಗಿದೆ.

ನಮ್ಮಲ್ಲೊಬ್ಬರ ಅಮ್ಮ ಮದುವೆಯಾಗಿ ಬಂದಾಗಿನಿಂದ ಕಟ್ಟಿದ್ದು ಅತ್ತೆಯ ಹೆಸರಿನ ಪುಸ್ತಕದಲ್ಲಿ. ಅತ್ತೆ ತೀರಿಕೊಂಡ ಮೇಲೆ ಯೂನಿಯನ್ ಆಫೀಸಿಗೆ ನಾಲ್ಕು ಸಲ ಹೋಗಿ, ಅವರಿಂದ ಬ್ರಾಂಚಿಗೆ ಹೇಳಿಸಿ, ತನ್ನ ಹೆಸರಿನ ಪುಸ್ತಕ ಮಾಡಿಸಿಕೊಂಡರು. ಪಿಎಫ್ ಆ ದಿನದಿಂದ ಶುರು. ಅದಕ್ಕೂ ಹಿಂದಿನ ಹದಿನೈದು ವರ್ಷ ಅವರು ಕಟ್ಟಿದ ಬೀಡಿ ಅವರ ಹೆಸರಿನಲ್ಲಿ ಎಲ್ಲೂ ಇಲ್ಲ.