ಕರಕಿ, ಜೇಕು, ಕಾಂಗ್ರೆಸ್ ಕಸ: ಘಟಪ್ರಭೆಯ ದಂಡೆಯ ಮೂರು ಕಳೆಗಳ ಕಥೆ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಕಾಯಿಪಲ್ಲೆ ತೋಟಗಳಲ್ಲಿ ಮಳೆ ನಿಂತು ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ಬದನೆ, ಮೆಣಸಿನ ಸಸಿಗಳಿಗಿಂತ ಮೊದಲು ತಲೆ ಎತ್ತುವುದು ಕಸ. ಕುರ್ಪಿ ಹಿಡಿದು ಸಾಲಾಗಿ ಕೂತ ಹೆಣ್ಣಾಳುಗಳು ಹೊಲದ ಆ ತುದಿ ಮುಟ್ಟುವ ಹೊತ್ತಿಗೆ ಈ ತುದಿಯಲ್ಲಿ ಮತ್ತೆ ಹಸಿರು ಕಾಣತೊಡಗಿರುತ್ತದೆ. ಅರ್ಧ ಎಕರೆಯಲ್ಲಿ ತರಕಾರಿ ಬೆಳೆದು ಸಂತೆಗೆ ಒಯ್ಯುವ ಸಣ್ಣ ರೈತನಿಗೆ ಬೀಜ, ಗೊಬ್ಬರಗಳ ಖರ್ಚಿಗಿಂತ ಕಸ ತೆಗೆಸುವ ಕೂಲಿಯ ಚಿಂತೆಯೇ ದೊಡ್ಡದು.

ಈ ಸೀಮೆಯ ಹಟಮಾರಿ ಕಳೆಗಳಲ್ಲಿ ಮೂರು ಮುಖ್ಯವಾದವು: ಕರಕಿ, ಜೇಕು ಮತ್ತು ಕಾಂಗ್ರೆಸ್ ಕಸ. ಮೊದಲಿನವೆರಡು ಹಳಬರು, ಮೂರನೆಯದು ಹೊಸಬ. ಆದರೆ ಮೂರರ ಹಿಂದೆಯೂ ಮನುಷ್ಯನ ಕೈ ಇದೆ. ಅವುಗಳನ್ನು ಹರಡಿದ್ದು ನಮ್ಮ ನೇಗಿಲು, ನಮ್ಮ ಕಾಲುವೆ, ನಮ್ಮ ಸಾಗಾಣಿಕೆ.

ಕಬ್ಬಿಣದ ನೇಗಿಲು

ಗಣಪತಿಯ ಪೂಜೆಗೆ ಬೇಕಾದ ಗರಿಕೆಯನ್ನೇ ಈ ಕಡೆ ಕರಕಿ ಎನ್ನುತ್ತಾರೆ. ಅದು ದನಗಳಿಗೆ ಮೇವು. ಬದುವಿನ ಮಣ್ಣನ್ನು ಹಿಡಿದಿಡುವ ಉಪಕಾರಿ. ಬದು ದಾಟಿ ಮಡಿಯೊಳಗೆ ಬಂದಾಗ ಮಾತ್ರ ಶತ್ರು. ನೆಲದ ಮೇಲೆ ಹಬ್ಬುವ ಬಳ್ಳಿಗೂ ನೆಲದೊಳಗಿನ ಕಾಂಡಕ್ಕೂ ಗೆಣ್ಣುಗಳಿದ್ದು, ಪ್ರತಿ ಗೆಣ್ಣೂ ಹೊಸ ಗಿಡವಾಗಬಲ್ಲದು. ಜಗತ್ತಿನ ಅತಿ ಕೆಟ್ಟ ಕಳೆಗಳ ಬಗ್ಗೆ ಅಮೆರಿಕದ ಲೆರಾಯ್ ಹೋಮ್ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಜೇಕಿಗೆ ಮೊದಲ ಸ್ಥಾನ, ಕರಕಿಗೆ ಎರಡನೆಯದು.

ಮರದ ನೇಗಿಲು ಕರಕಿಯ ಬೇರನ್ನು ಮೇಲಕ್ಕೆತ್ತಿ ಮಗುಚುವುದಿಲ್ಲ. ತುಂಡರಿಸಿ ಹೊಲದ ತುಂಬ ಎಳೆದಾಡುತ್ತದೆ. ಮಣ್ಣನ್ನು ಮಗುಚುವ ಕಬ್ಬಿಣದ ನೇಗಿಲಿಗೂ ಬೆಳಗಾವಿ ಜಿಲ್ಲೆಗೂ ಹಳೆಯ ನಂಟಿದೆ. ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ಮೇವು ಕತ್ತರಿಸುವ ಯಂತ್ರ, ಬಳಿಕ 20ನೇ ಶತಮಾನದ ಮೊದಲ ವರ್ಷಗಳಲ್ಲಿ ಕಬ್ಬಿಣದ ನೇಗಿಲನ್ನು ತಯಾರಿಸಿದರು. ಕಬ್ಬಿಣ ತಗಲಿದರೆ ಭೂಮಿ ವಿಷವಾಗುತ್ತದೆಂದು ನಂಬಿದ್ದ ರೈತರು ಅದರ ಹತ್ತಿರ ಸುಳಿಯಲಿಲ್ಲ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಬೆಳಗಾವಿಯಲ್ಲಿದ್ದ ಜಾಗ ಬಿಡಬೇಕಾಗಿ ಬಂದು 1910ರಲ್ಲಿ ಅವರು ಔಂಧ್ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು.

ನೇಗಿಲು ಬಂತು, ಕರಕಿ ಹೋಗಲಿಲ್ಲ. ಮಣ್ಣು ಹಸಿಯಿರುವಾಗ ಆಳವಾಗಿ ಉತ್ತರೆ ತುಂಡಾದ ಗೆಣ್ಣೆಲ್ಲ ಚಿಗುರುತ್ತವೆ. ಸುಗ್ಗಿ ಮುಗಿದ ಮೇಲೆ ಬೇಸಿಗೆಯಲ್ಲಿ ಉತ್ತು, ಮೇಲೆ ಬಂದ ಬೇರನ್ನು ಬಿಸಿಲಿಗೆ ಒಣಗಿಸಿ, ಕುಂಟೆ ಹೊಡೆದು ಆರಿಸಿ ತೆಗೆದರೆ ಮಾತ್ರ ಅದು ಸೋಲುತ್ತದೆ. ಕೆಲಸ ಮಾಡುವುದು ಬರೀ ಕಬ್ಬಿಣವಲ್ಲ, ಕಬ್ಬಿಣದ ಜೊತೆಗೆ ಬಿಸಿಲು.

ನೀರು ಬೆಳೆಸಿದ ಜೇಕು

ಬಿಸಿಲಿಗೆ ನೆಲ ಒಣಗಲು ಬಿಡಬೇಕೆಂಬ ಈ ಉಪಾಯಕ್ಕೆ ಅಡ್ಡ ಬಂದದ್ದು ನೀರು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಗೋಕಾಕದ ಬಳಿ ಧೂಪದಾಳದಲ್ಲಿ ಘಟಪ್ರಭೆಗೆ ಒಡ್ಡು ಕಟ್ಟಿ ಕಾಲುವೆ ತೆಗೆಯಲಾಯಿತು. 1970ರ ದಶಕದಲ್ಲಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಜಲಾಶಯ ಬಂತು. ಮಳೆಯನ್ನೇ ನೆಚ್ಚಿದ್ದ ಹೊಲಗಳಲ್ಲಿ ಕಬ್ಬು, ತರಕಾರಿ ಬೆಳೆದವು. ನೆಲ ವರ್ಷವಿಡೀ ತೇವ ಹಿಡಿಯಿತು.

ಜೇಕು ಇಲ್ಲಿಗೆ ನೀರಿನ ಜೊತೆ ಬಂದದ್ದಲ್ಲ. ಆಯುರ್ವೇದದಲ್ಲಿ ಭದ್ರಮುಷ್ಟಿ ಎಂದು ಹೆಸರಾದ ಅದರ ಗಡ್ಡೆ ಹಳೆಯ ಔಷಧಿ. ಆದರೆ ಬತ್ತದ ತೇವ ಅದಕ್ಕೆ ವರವಾಯಿತು. ಎಲೆ ಹಿಡಿದು ಎಳೆದರೆ ಎಲೆ ಮಾತ್ರ ಕೈಗೆ ಬರುತ್ತದೆ, ಗಡ್ಡೆ ಕೆಳಗೇ ಉಳಿಯುತ್ತದೆ. ಗಡ್ಡೆಗಳು ಸರಪಣಿಯಂತೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಸರಪಣಿ ಇಡಿಯಾಗಿದ್ದಾಗ ಕೆಲವು ಗಡ್ಡೆಗಳು ಮಲಗಿಯೇ ಇರುತ್ತವೆ. ಅದು ಕಡಿದಾಗ ಮಲಗಿದ್ದವೂ ಎದ್ದು ಮೊಳೆಯುತ್ತವೆ. ಅರೆಮನಸ್ಸಿನಿಂದ ಒಮ್ಮೆ ಅಗೆದವನ ಹೊಲದಲ್ಲಿ ಜೇಕು ಹೆಚ್ಚುವುದು ಇದೇ ಕಾರಣಕ್ಕೆ.

ಅದರ ಶಕ್ತಿ ಇರುವಲ್ಲೇ ಸೋಲೂ ಇದೆ. ಪ್ರತಿ ಸಲ ಚಿಗುರುವಾಗಲೂ ಗಡ್ಡೆಯ ಕೂಡಿಟ್ಟ ಸತ್ವ ಖರ್ಚಾಗುತ್ತದೆ. ಹೊಸ ಗಡ್ಡೆ ಕಟ್ಟುವ ಮುನ್ನ, ಎರಡು ಮೂರು ವಾರಕ್ಕೊಮ್ಮೆ ಬಿಡದೆ ತೆಗೆಯುತ್ತ ಹೋದರೆ ಗಡ್ಡೆ ಬಡವಾಗುತ್ತದೆ. ನೆರಳನ್ನು ಜೇಕು ತಾಳದು. ತರಕಾರಿಯ ನಡುವೆ ಒಂದು ಹಂಗಾಮು ಸೆಣಬನ್ನು ಒತ್ತಾಗಿ ಬಿತ್ತಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸುವುದರಿಂದ ಗೊಬ್ಬರವೂ ಆಯಿತು, ಕಳೆಗೆ ಕತ್ತಲೆಯೂ ಆಯಿತು.

ಗೋಧಿಯ ಜೊತೆ ಬಂದ ಅತಿಥಿ

ಕಾಂಗ್ರೆಸ್ ಕಸವೆಂದೇ ಹೆಸರಾದ ಪಾರ್ಥೇನಿಯಂ ಅಮೆರಿಕ ಖಂಡದ ಉಷ್ಣವಲಯದ ಗಿಡ. ಭಾರತದಲ್ಲಿ ಅದು ಗಮನ ಸೆಳೆದದ್ದು 1955ರಲ್ಲಿ, ಪುಣೆಯಲ್ಲಿ. ಪಿಎಲ್-480 ಯೋಜನೆಯ ಗೋಧಿಯ ಜೊತೆ ಬಂತೆಂಬುದು ಜನಜನಿತ ಮಾತು. ಆದರೆ ಆ ಒಪ್ಪಂದಕ್ಕೆ ಭಾರತ ಸಹಿ ಹಾಕಿದ್ದು 1956ರ ಆಗಸ್ಟ್‌ನಲ್ಲಿ. ಆಮದು ಧಾನ್ಯವೇ ಕಾರಣವಾಗಿದ್ದರೆ ಅದು ಅದಕ್ಕೂ ಮೊದಲು ಬಂದದ್ದಾಗಿರಬೇಕು. 1951ರಲ್ಲೂ ಅಮೆರಿಕದಿಂದ ಸಾಲದ ಗೋಧಿ ಬಂದಿತ್ತು. ಬಿಳಿ ಟೋಪಿಯಂಥ ಹೂವಿನಿಂದ ಈ ಹೆಸರು ಬಂತೆಂದು ಕೆಲವರು, ಆಗ ಆಳುತ್ತಿದ್ದ ಪಕ್ಷದಿಂದ ಬಂತೆಂದು ಕೆಲವರು ಹೇಳುತ್ತಾರೆ.

ಕರಕಿ, ಜೇಕುಗಳ ಬಲ ನೆಲದೊಳಗಿದ್ದರೆ ಇದರ ಬಲ ಬೀಜದಲ್ಲಿದೆ. ಒಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಗಾಳಿ, ನೀರು, ಲಾರಿಯ ಗಾಲಿ, ತಿಪ್ಪೆಗೊಬ್ಬರ ಎಲ್ಲವೂ ಅದಕ್ಕೆ ವಾಹನ. ಕಿತ್ತವರ ಚರ್ಮಕ್ಕೆ ತುರಿಕೆ, ಕೆಲವರಿಗೆ ಉಬ್ಬಸ. ತರಕಾರಿಗೂ ಬೇರೊಂದು ಹಾನಿಯಿದೆ. ಅದರ ಪರಾಗ ಟೊಮೆಟೊ, ಬದನೆ, ಮೆಣಸಿನಕಾಯಿಯಂಥ ಬೆಳೆಗಳ ಹೂವಿನ ಮೇಲೆ ಬಿದ್ದರೆ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆಂದು ಸುಖದಾ ಮತ್ತು ಜಯಚಂದ್ರ ಎಂಬ ಸಸ್ಯವಿಜ್ಞಾನಿಗಳು 1980ರ ಸುಮಾರಿಗೆ ತೋರಿಸಿದರು. ಸಂಕೇಶ್ವರದ ಮೆಣಸಿನಕಾಯಿಗೆ ಹೆಸರಾದ ಹುಕ್ಕೇರಿ ತಾಲ್ಲೂಕಿಗೆ ಇದು ಸಣ್ಣ ಮಾತಲ್ಲ.

ಕರ್ನಾಟಕ ಸರ್ಕಾರ 1975ರಲ್ಲಿ ಪಾರ್ಥೇನಿಯಂ ಅನ್ನು ಹಾನಿಕಾರಕ ಕಳೆಯೆಂದು ಘೋಷಿಸಿತು. ಕಾಗದದ ಮೇಲಿನ ಕಾನೂನಿಗೆ ಗಿಡ ಬಗ್ಗಲಿಲ್ಲ. 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ಅದರ ಎಲೆ ತಿನ್ನುವ ದುಂಬಿಯನ್ನು ತಂದು, ಪರೀಕ್ಷಿಸಿ, ಮರುವರ್ಷ ಬಿಡಲಾಯಿತು. 1990ರ ದಶಕದ ಆರಂಭದಲ್ಲಿ ಆ ದುಂಬಿ ಸೂರ್ಯಕಾಂತಿ ಎಲೆಯ ಮೇಲೆ ಕಂಡಾಗ ರೈತರು ಗಾಬರಿಗೊಂಡರು. ಗಾಳಿಯಲ್ಲಿ ಬಂದು ಎಲೆಗೆ ಅಂಟಿದ ಪಾರ್ಥೇನಿಯಂ ಪರಾಗವೇ ಅದನ್ನು ಸೆಳೆಯುತ್ತದೆಂದು ಅಧ್ಯಯನದಿಂದ ತಿಳಿದುಬಂತು. ಮಳೆಗಾಲದಲ್ಲಿ ದುಂಬಿ ಚೆನ್ನಾಗಿ ಮೇಯುತ್ತದೆ. ಬೇಸಿಗೆಯಲ್ಲಿ ಮಣ್ಣು ಸೇರಿ ಮಲಗುತ್ತದೆ. ನೀರಾವರಿ ಹೊಲದ ಕಳೆಗೆ ಅಂಥ ರಜೆಯಿಲ್ಲ.

ಬದುವಿನ ಆಚೆ

ಇತ್ತೀಚಿನ ದಶಕಗಳಲ್ಲಿ ಕಳೆನಾಶಕ ಬಂತು. ಎಲೆಯಿಂದ ಬೇರಿಗೆ ಇಳಿಯುವ ಗ್ಲೈಫೋಸೇಟ್ ಜೇಕನ್ನೂ ಕರಕಿಯನ್ನೂ ಕುಗ್ಗಿಸುತ್ತದೆ. ಆದರೆ ಅದಕ್ಕೆ ಬದನೆ ಯಾವುದು, ಕಳೆ ಯಾವುದು ಎಂಬ ಭೇದವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಅದನ್ನು ಕ್ಯಾನ್ಸರ್‌ಕಾರಕ ಇರಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿತು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಅದರ ಬಳಕೆಗೆ ನಿರ್ಬಂಧ ವಿಧಿಸಿ ಅಧಿಸೂಚನೆ ಹೊರಡಿಸಿತು.

ನೇಗಿಲು, ಕಾನೂನು, ದುಂಬಿ, ಔಷಧಿ ಪ್ರತಿಯೊಂದೂ ಬಂದಾಗ ಇನ್ನು ಕಳೆಯ ಕಾಟ ಮುಗಿಯಿತೆಂಬ ಆಸೆ ಮೂಡಿತು. ಪ್ರತಿಯೊಂದೂ ಅಷ್ಟಿಷ್ಟು ನೆರವಾಯಿತೇ ಹೊರತು ಯಾವುದೂ ಕುರ್ಪಿಗೆ ವಿಶ್ರಾಂತಿ ಕೊಡಲಿಲ್ಲ. ಒಬ್ಬನ ಹೊಲ ಎಷ್ಟೇ ಹಸನಾಗಿದ್ದರೂ ನೆರೆಯವನ ಬದುವಿನಲ್ಲಿ, ಯಾರಿಗೂ ಸೇರದ ಕಾಲುವೆಯ ದಂಡೆಯಲ್ಲಿ ಕಾಂಗ್ರೆಸ್ ಕಸ ಹೂ ಬಿಟ್ಟರೆ ಮುಂದಿನ ವರ್ಷದ ದುಡಿತ ಅಲ್ಲೇ ಬಿತ್ತಿದಂತೆ. ಹಿಂದೆ ಹಳ್ಳಿಗಳಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗಿ ದುಡಿಯುವ ಮುಯ್ಯಾಳಿನ ಪದ್ಧತಿ ಇತ್ತು. ಮಳೆಗಾಲದ ಆರಂಭದಲ್ಲಿ, ನೆಲ ಮೆತ್ತಗಿದ್ದು ಗಿಡ ಹೂ ಬಿಡುವ ಮುನ್ನ, ಬದುವಿನ ಎರಡೂ ಕಡೆಯವರು ಒಂದೇ ವಾರ ಒಟ್ಟಾಗಿ ಕಿತ್ತರೆ ಆಗುವ ಕೆಲಸ, ಮಳೆಗಾಲ ಮುಗಿದ ಮೇಲೆ ಒಬ್ಬೊಬ್ಬರೇ ತಿಂಗಳುಗಟ್ಟಲೆ ಕಿತ್ತರೂ ಆಗುವುದಿಲ್ಲ.