ಕಣ್ಣು ನೆಟ್ಟವರ ಕತೆ

ಹೋದ ಸಂಕ್ರಾಂತಿಗೆ ಊರಿಗೆ ಹೋದಾಗ ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಕೂಡಲಸಂಗಮಕ್ಕೆ ಹೋಗಿದ್ದೆವು. ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ.. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ :-) ಮಲಪ್ರಭೆ ಬಂದು ಕೃಷ್ಣೆಯನ್ನು ಕೂಡುವ ಜಾಗ ಅದು. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ನಿಂತ ಮೇಲಂತೂ ಕಣ್ಣು ಹಾಯಿಸಿದಷ್ಟು ದೂರ ನೀರು. ಉಂಡು ದಂಡೆಯ ಮೇಲೆ ಸುಮ್ಮನೆ ಕೂತಿದ್ದೆ. ಒಂದು ತಾಸಾದ ಮೇಲೆ ಗಮನಕ್ಕೆ ಬಂತು: ತಿಂಗಳುಗಟ್ಟಲೆ ಕಾಡುತ್ತಿದ್ದ ಕಣ್ಣುರಿ ಇಲ್ಲ!

ಪಕ್ಕದಲ್ಲಿ ಕೂತಿದ್ದ ದೊಡ್ಡವ್ವ ಅಂದಳು, "ತಮ್ಮಾ, ಬಂದಾಗಿಂದ ಕಣ್ಣ ತಿಕ್ಕೋತನ ಇದ್ದಿ. ಆ ಕಂಪ್ಯೂಟರ್ ನೋಡಿ ನೋಡಿ ಕಣ್ಣ ಕಳಕೊಂತಿ ನೋಡು, ನಾ ಕಳಕೊಂಡಂಗ."

"ನೀ ಯಾವ ಕಂಪ್ಯೂಟರ್ ನೋಡಿದ್ದಿ ದೊಡ್ಡವ್ವಾ?" ಅಂತ ನಕ್ಕೆ.

"ನನಗ ಎಲ್ಲಿಂದ ಬಂತಪಾ ಕಂಪ್ಯೂಟರ್? ಚಂದ್ರಕಾಳಿ ಸೀರಿ ನೋಡೇ ಹೋದವು" ಅಂದಳು.

ದೊಡ್ಡವ್ವ ಇಳಕಲ್ಲಿನವಳು. ಮದುವೆಗೆ ಮುಂಚಿನಿಂದ ಕಸೂತಿ ಹಾಕುತ್ತಿದ್ದಳು. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಗಂಟು ಹಾಕುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಆನೆ ಎಲ್ಲ ಮೂಡಿಸಬೇಕು. ಚಂದ್ರಕಾಳಿ ಅಂದರೆ ಕರೀ ಸೀರೆ. ಕರೀ ಬಟ್ಟೆಯ ಮೇಲೆ ಕರೀ ಎಳೆ ಎಣಿಸುವುದು ಹೇಗಿರುತ್ತದೆ ನೀವೇ ಯೋಚಿಸಿ. ನಲವತ್ತು ದಾಟಿದ ಮೇಲೆ ಅವಳಿಗೆ ಎಳೆ ಕಾಣದಾಯಿತು, ಹಣೆ ನೋಯತೊಡಗಿತು. "ಕಣ್ಣ ಸೋತವು" ಅಂತ ಸೂಜಿ ಎತ್ತಿಟ್ಟಳು. ಅದಾಗಿ ಇಪ್ಪತ್ತು ವರ್ಷ.

ಬೆಂಗಳೂರಿಗೆ ಬಂದ ಮೇಲೆ ಈ ಮಾತು ತಲೆಯಿಂದ ಹೋಗಲಿಲ್ಲ. ಕಣ್ಣು ನೋವಿಗೆ ನಾವೆಲ್ಲ ಮಾನಿಟರನ್ನು ಬೈಯುತ್ತೇವೆ. ಹಾಗಾದರೆ ಮಾನಿಟರ್ ಇಲ್ಲದ ಕಾಲದವರ ಕತೆ ಏನು? ಹುಡುಕುತ್ತಾ ಹೋದೆ, ಸಿಕ್ಕಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಕೂಡಲಸಂಗಮದಿಂದಲೇ ಶುರು ಮಾಡೋಣ. ಬಸವಣ್ಣನವರ ವಚನಗಳ ಅಂಕಿತ ಕೂಡಲಸಂಗಮದೇವ. ಹನ್ನೆರಡನೇ ಶತಮಾನದ ಆ ಮಾತುಗಳು ನಮಗೆ ತಲುಪಿದ್ದು ತಾಡೋಲೆಗಳ ಮೇಲೆ. ಕಬ್ಬಿಣದ ಕಂಠದಿಂದ ಓಲೆಯನ್ನು ಗೀರಿ ಅಕ್ಷರ ಕೊರೆಯಬೇಕು. ಕೊರೆಯುವಾಗ ಅದು ಸರಿಯಾಗಿ ಕಾಣುವುದೂ ಇಲ್ಲ. ಆಮೇಲೆ ಮಸಿ ಸವರಿ ಒರೆಸಿದರೆ ಗೀರಿನೊಳಗೆ ಕಪ್ಪು ಕೂತು ಓದಲು ಬರುತ್ತದೆ. ಓಲೆ ಬಾಳುವುದು ಕೆಲವು ನೂರು ವರ್ಷ ಮಾತ್ರ, ಹಾಗಾಗಿ ಪ್ರತಿ ಮಾಡುತ್ತಲೇ ಇರಬೇಕು. ಹದಿನೈದನೇ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ವಚನಗಳನ್ನು ಕೂಡಿಸಿ ಜೋಡಿಸುವ ಕೆಲಸ ದೊಡ್ಡದಾಗಿ ನಡೆಯಿತು. ಎಷ್ಟು ಜನ, ಎಷ್ಟು ಹಗಲು, ಬಗ್ಗಿ ಕೂತು ಬಸವಣ್ಣನವರ ಒಂದೊಂದು ವಚನದ ಕೊನೆಗೂ ಈ ಊರಿನ ಹೆಸರು ಕೊರೆದಿರಬೇಕು!

ಅವರ ಕಣ್ಣಿಗೆ ಏನಾಯಿತು ಅಂತ ಯಾರು ಬರೆದಿಟ್ಟಿದ್ದಾರೆ ಅಂತೀರಾ? ಲಿಪಿಕಾರರೇ ಬರೆದಿಟ್ಟಿದ್ದಾರೆ. ನಮ್ಮ ದೇಶದ ಹಳೆಯ ಹಸ್ತಪ್ರತಿಗಳ ಕೊನೆಗೆ ಸಂಸ್ಕೃತದ ಒಂದು ಶ್ಲೋಕ ಮತ್ತೆ ಮತ್ತೆ ಸಿಗುತ್ತದೆ. ಬೆನ್ನು, ಸೊಂಟ, ಕುತ್ತಿಗೆ ಮುರಿದವು, ದೃಷ್ಟಿ ನೆಟ್ಟುಹೋಯಿತು, ಮುಖ ಕೆಳಗಾಯಿತು, ಇಷ್ಟು ಕಷ್ಟದಿಂದ ಬರೆದಿದ್ದನ್ನು ಜೋಪಾನ ಮಾಡಿ ಅನ್ನುವುದು ಅದರ ಸಾರಾಂಶ. ಸಾಫ್ಟ್‌ವೇರ್ ಕಂಪನಿಯವರ ದೂರಿನ ಪಟ್ಟಿ ಅಂದರೆ ನಂಬಬಹುದು! ಅದರಲ್ಲಿ 'ದೃಷ್ಟಿ ನೆಟ್ಟುಹೋಯಿತು' ಅನ್ನುವುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕನ್ನಡಕದ ಕತೆಯೂ ವಿಜಯನಗರದ್ದೇ. ಇಟಲಿಯಲ್ಲಿ ಕನ್ನಡಕ ಹುಟ್ಟಿದ್ದು ಹದಿಮೂರನೇ ಶತಮಾನದ ಕೊನೆಗೆ. ನಮ್ಮ ದೇಶದ ಮಟ್ಟಿಗೆ ಬಹಳ ಹಳೆಯ ಉಲ್ಲೇಖ ಸಿಗುವುದು ಕೃಷ್ಣದೇವರಾಯನ ಕಾಲದಲ್ಲಿ. ಸೋಮನಾಥ ಕವಿಯ 'ವ್ಯಾಸಯೋಗಿಚರಿತ'ದಲ್ಲಿ ವ್ಯಾಸರಾಯರು ಕನ್ನಡಕ ಹಾಕಿಕೊಂಡು ಗ್ರಂಥ ಓದುವ ಮಾತು ಬರುತ್ತದೆ. ಇದನ್ನು ಎತ್ತಿ ತೋರಿಸಿದವರು ಪುಣೆಯ ವಿದ್ವಾಂಸ ಪಿ. ಕೆ. ಗೋಡೆ. ಪೋರ್ಚುಗೀಸರು ಗೋವೆಗೆ ಬಂದು ಆಗಿನ್ನೂ ಹೆಚ್ಚು ಕಾಲ ಆಗಿರಲಿಲ್ಲ. ಗುರುಗಳಿಗೆ ಕನ್ನಡಕ ಬಂತು. ಓಲೆ ಕೊರೆಯುವವನಿಗೆ, ನೇಯುವವನಿಗೆ ಬರಲು ಇನ್ನೂ ಶತಮಾನಗಳೇ ಬೇಕಾದವು.

ದುಡಿಯುವವರ ಕಣ್ಣಿನ ಬಗ್ಗೆ ಗಮನ ಕೊಟ್ಟು ಬರೆದ ವೈದ್ಯರಲ್ಲಿ ಮೊದಲಿಗರು ಇಟಲಿಯ ಬರ್ನಾರ್ಡಿನೊ ರಾಮಜ್ಜಿನಿ. ಕಸುಬುದಾರರ ರೋಗಗಳ ಬಗ್ಗೆ ಅವರ ಪುಸ್ತಕ 1700ರಲ್ಲಿ ಬಂತು, 1713ರಲ್ಲಿ ಲಿಪಿಕಾರರು, ಮುದ್ರಕರು, ನೇಕಾರರನ್ನೂ ಸೇರಿಸಿ ದೊಡ್ಡದಾಯಿತು. ಸೂಕ್ಷ್ಮ ಕೆಲಸದವರಿಗೆ ಅವರು ಹೇಳಿದ್ದು ಇಷ್ಟು: ತಲೆ ಬಗ್ಗಿಸಿ ಒಂದೇ ಕಡೆ ಕಣ್ಣು ನೆಡಬೇಡಿ, ಆಗಾಗ ಕೆಲಸ ಬಿಟ್ಟು ಬೇರೆ ಕಡೆ ನೋಡಿ. ಈಗ ಎಲ್ಲರೂ ಹೇಳುವ 20-20-20 ಸೂತ್ರ, ಅಂದರೆ 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡು ನೋಡುವುದು, ಇದೇ ಮಾತಿನ ಮೊಮ್ಮಗ ಅಲ್ಲವೇ!

ಇದನ್ನು ಓದುವಾಗ ಇಳಕಲ್ಲಿನ ಕುಣಿ ಮಗ್ಗ ನೆನಪಾಯಿತು. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಕಣ್ಣಿಗೆ ಅದಕ್ಕಿಂತ ಕಷ್ಟದ ಕೆಲಸ ಇರಲಿಕ್ಕಿಲ್ಲ. ಆದರೆ ಮಗ್ಗವೇ ನೇಕಾರನನ್ನು ನಡುನಡುವೆ ಎಬ್ಬಿಸುತ್ತಿತ್ತು. ಕಂಡಿಕೆ ಮುಗಿಯಿತು, ಎಳೆ ಹರಿಯಿತು, ಹೊತ್ತು ಮುಳುಗಿತು, ಕೆಲಸ ನಿಂತಿತು. ನಮ್ಮ ಪರದೆಗೆ ಕಂಡಿಕೆಯೂ ಮುಗಿಯುವುದಿಲ್ಲ, ಹೊತ್ತೂ ಮುಳುಗುವುದಿಲ್ಲ.

ಈಗ ದೊಡ್ಡವ್ವನ ವಿಷಯ. ಹತ್ತೊಂಬತ್ತನೇ ಶತಮಾನದ ಅರ್ಧದವರೆಗೂ ಯುರೋಪಿನ ದೊಡ್ಡ ವೈದ್ಯರೂ ದೊಡ್ಡವ್ವನ ಹಾಗೇ ಯೋಚಿಸುತ್ತಿದ್ದರು. ಕಣ್ಣು ದಣಿಯುವುದು ಅಂದರೆ ಕಣ್ಣು ಸೋಲುವುದು ಅಂತ. ಗ್ಲಾಸ್ಗೋದ ವಿಲಿಯಂ ಮೆಕೆಂಜಿ 1840ರ ದಶಕದಲ್ಲಿ ಇದಕ್ಕೆ ಅಸ್ತೆನೋಪಿಯಾ ಅಂತ ಹೆಸರಿಟ್ಟು ಬರೆದರು. ಕೂತು ಹೊಲಿಯುವ, ಬರೆಯುವ ಕಸುಬು ಬಿಟ್ಟು ಬಯಲಿನ ಕೆಲಸ ಹಿಡಿ ಅನ್ನುವುದು ಆಗಿನ ಸಲಹೆ. 1864ರಲ್ಲಿ ಹಾಲೆಂಡಿನ ಫ್ರಾನ್ಸಿಸ್ಕಸ್ ಡಾಂಡರ್ಸ್ ತಮ್ಮ ದೊಡ್ಡ ಗ್ರಂಥದಲ್ಲಿ ಇದನ್ನು ತಿರುಗಿಸಿಹಾಕಿದರು. ಇಂಥ ಎಷ್ಟೋ ಜನರ ಕಣ್ಣು ಸೋತಿಲ್ಲ, ಹತ್ತಿರದ್ದನ್ನು ನೋಡಲು ಕಣ್ಣೊಳಗಿನ ಸ್ನಾಯು ಅಳತೆ ಮೀರಿ ಎಳೆದಾಡುತ್ತಿದೆ, ಸರಿಯಾದ ಮಸೂರ ಕೊಟ್ಟರೆ ಮುಗಿಯಿತು ಅಂದರು. ಕಸುಬು ಬಿಡಬೇಕಾಗಿದ್ದವರು ಕನ್ನಡಕ ಹಾಕಿಕೊಂಡು ಮುಂದುವರಿದರು. ಕಣ್ಣುರಿಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ಇಲ್ಲ ಅಂತ ನನ್ನ ಅನಿಸಿಕೆ.

ಇಷ್ಟಾದರೂ ನಮ್ಮ ಕಡೆ ಕಣ್ಣಿನ ತೊಂದರೆ ಅಂದರೆ ಪೊರೆ ಮಾತ್ರ. ಅದಕ್ಕೆ ಕಾರಣವೂ ಇದೆ. ನಮ್ಮ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಮಾಡಿ ಲೆಕ್ಕವಿಲ್ಲದಷ್ಟು ಜನರ ಪೊರೆ ತೆಗೆದರು. ಅವರಿಗೆ 1968ರಲ್ಲಿ ಪದ್ಮಭೂಷಣ ಬಂತು, 2005ರಲ್ಲಿ ತೀರಿಕೊಂಡರು. ಕುರುಡರಾದವರನ್ನು ನೋಡುವುದೇ ಆಗ ಮೊದಲ ಕೆಲಸವಾಗಿತ್ತು, ಸರಿಯೇ. ಆದರೆ ಕಣ್ಣು ಕಾಣುತ್ತಲೇ ಕಸುಬು ಕಳೆದುಕೊಂಡ ದೊಡ್ಡವ್ವನಂಥವರು ಯಾವ ಸಾಲಿನಲ್ಲೂ ನಿಲ್ಲಲಿಲ್ಲ.

ಪರದೆ ಬಂದದ್ದು ಆಮೇಲೆ. ಅದಕ್ಕೂ ಮುಂಚೆ ಮೊಳೆ ಜೋಡಿಸುವವರಿದ್ದರು. ಫ. ಗು. ಹಳಕಟ್ಟಿಯವರು ಓಲೆಗರಿ ಹುಡುಕಿ ತಂದು, ಓದಿ, 1923ರಲ್ಲಿ 'ವಚನಶಾಸ್ತ್ರ ಸಾರ' ಹೊರತಂದರು. ಮುಂದೆ ವಿಜಾಪುರದಲ್ಲಿ ಸ್ವಂತ ಅಚ್ಚುಕೂಟ ಹಾಕಿದರು. ಗೀರಿದ ಓಲೆಯಿಂದ ಸೀಸದ ಮೊಳೆಗೆ ದಾಟಿದ ಪ್ರತಿ ಅಕ್ಷರಕ್ಕೂ ಯಾರೋ ಒಬ್ಬರು ಕಣ್ಣು ನೆಟ್ಟಿದ್ದರು. ಆಮೇಲೆ 1970ರ ದಶಕದಲ್ಲಿ ಪತ್ರಿಕಾ ಕಚೇರಿಗಳಿಗೆ ಪರದೆ ಬಂತು, ಅಮೆರಿಕದಲ್ಲಿ ಗಲಾಟೆ ಎದ್ದಿತು: ಇದರಿಂದ ಕಿರಣ ಬರುತ್ತದೆ, ಕಣ್ಣಿಗೆ ಪೊರೆ ಬರುತ್ತದೆ ಅಂತ. ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ 1983ರ ವರದಿ ಕಿರಣದ ಭಯವನ್ನು ಒಪ್ಪಲಿಲ್ಲ. ಬೆಳಕು, ಪ್ರತಿಫಲನ, ಕುರ್ಚಿ ಮೇಜು, ಕೆಲಸದ ರೀತಿ ಇವನ್ನು ನೋಡಿ ಅಂತು.

ನೀಲಿ ಬೆಳಕಿನ ಕನ್ನಡಕ ಆ ಹಳೇ ಭಯದ ತಮ್ಮ. ನನಗೂ ಒಬ್ಬ ಅಂಗಡಿಯವನು ಎರಡು ಸಾವಿರಕ್ಕೆ ಒಂದನ್ನು ತಗುಲಿಸಿದ್ದ. 2023ರಲ್ಲಿ ಕಾಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಅದರಿಂದ ಕಣ್ಣಿನ ದಣಿವು ಕಡಿಮೆಯಾಗಲಿಕ್ಕಿಲ್ಲ ಅಂದಿದೆ. ಹೋಯಿತು ಎರಡು ಸಾವಿರ :-(

ಹಾಗಾದರೆ ನಿಜವಾದ ಕಾರಣ ಏನು? ಮೊದಲನೆಯದು, ಆ ಲಿಪಿಕಾರ ಹೇಳಿದ್ದೇ: ದೃಷ್ಟಿ ನೆಡುವುದು. ಸುಮ್ಮನಿದ್ದಾಗ ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಪರದೆ ನೋಡುವಾಗ ಅದು ಅರ್ಧಕ್ಕೂ ಕೆಳಗೆ ಇಳಿಯಬಹುದು, ಬಡಿದರೂ ಪೂರ್ತಿ ಮುಚ್ಚುವುದಿಲ್ಲ. ಕಣ್ಣೀರಿನ ಪದರ ಒಣಗಿ ಉರಿ ಶುರು. ಓಲೆ, ಸೀರೆಗಳನ್ನು ಕಣ್ಣು ತಗ್ಗಿಸಿ ನೋಡುತ್ತೇವೆ, ಕಣ್ಣು ಅರ್ಧ ಮುಚ್ಚಿರುತ್ತದೆ. ಎತ್ತರದ ಮಾನಿಟರ್ ನೋಡುವಾಗ ಕಣ್ಣು ಅಗಲ ತೆರೆದಿರುತ್ತದೆ, ಇನ್ನೂ ಬೇಗ ಒಣಗುತ್ತದೆ. ಎದುರಿಗೆ ಫ್ಯಾನು, ಎಸಿ ಇದ್ದರೆ ಕೇಳುವುದೇ ಬೇಡ. ಅದಕ್ಕೇ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಲಿ, ಒಂದು ತೋಳಿನಷ್ಟು ದೂರವಿರಲಿ, ಕಿಟಕಿಯ ಬೆಳಕು ಅದರ ಮೇಲೆ ಬೀಳದಿರಲಿ.

ಎರಡನೆಯದು, ಡಾಂಡರ್ಸ್ ಹೇಳಿದ್ದು: ಗೊತ್ತಿಲ್ಲದ ದೃಷ್ಟಿದೋಷ. ದೂರದೃಷ್ಟಿ, ವಕ್ರದೃಷ್ಟಿ, ನಲವತ್ತರ ಚಾಳೀಸು, ಎರಡೂ ಕಣ್ಣು ಹತ್ತಿರಕ್ಕೆ ಸರಿಯಾಗಿ ಕೂಡದಿರುವುದು. ಬೋರ್ಡು ಚೆನ್ನಾಗಿ ಕಾಣುತ್ತದೆ ಅಂದ ಮಾತ್ರಕ್ಕೆ ಇವು ಇಲ್ಲ ಅಂತಲ್ಲ.

ಮೂರನೆಯದು, ಮೈಯೊಳಗಿನ ಕಾರಣಗಳು. ಸಕ್ಕರೆ ಕಾಯಿಲೆ, ಥೈರಾಯ್ಡ್, ಕೀಲುವಾತದ ಕೆಲವು ಬಗೆ, ಹೆಂಗಸರಿಗೆ ಮುಟ್ಟು ನಿಂತ ಮೇಲಿನ ಬದಲಾವಣೆ, ನೆಗಡಿ ಅಲರ್ಜಿಯ ಕೆಲವು ಮಾತ್ರೆಗಳು ಇವೆಲ್ಲ ಕಣ್ಣನ್ನು ಒಣಗಿಸುತ್ತವೆ. ನಿದ್ದೆಗೆಟ್ಟರೆ ಇನ್ನೂ ಜಾಸ್ತಿ. ಒಮ್ಮೆಲೇ ದೃಷ್ಟಿ ಮಂಜಾದರೆ, ಒಂದು ಎರಡಾಗಿ ಕಂಡರೆ, ಕಣ್ಣು ನೋವಿನ ಜೊತೆ ದೀಪದ ಸುತ್ತ ಬಣ್ಣದ ಬಳೆ ಕಂಡರೆ ಬ್ಲಾಗು ಓದುತ್ತಾ ಕೂರಬೇಡಿ, ವೈದ್ಯರ ಹತ್ತಿರ ಹೋಗಿ.

ಇನ್ನೊಂದು ನಮ್ಮದೇ ಕಾರಣ ಇದೆ. ತುಂಗಾ ಫಾಂಟಿನ ಕಾಲ ನೆನಪಿದೆಯಾ? ಒತ್ತಕ್ಷರಗಳು ನುಚ್ಚಿನ ಹಾಗೆ ಕಾಣುತ್ತಿದ್ದವು. ಇಂಗ್ಲಿಷಿಗೆ ಸಾಕಾಗುವ ಅಳತೆ ಒತ್ತು, ಗುಣಿತ ಇರುವ ಕನ್ನಡಕ್ಕೆ ಸಾಕಾಗುವುದಿಲ್ಲ. ನಿಮ್ಮ ಪುಟದ ಅಕ್ಷರ ಒಂದೆರಡು ಅಳತೆ ದೊಡ್ಡದು ಮಾಡಿ, ಓದುವವರಿಗೆ ಪುಣ್ಯ ಬರುತ್ತದೆ!

ನಾನು ಕಣ್ಣು ತೋರಿಸಿದಾಗ ಸಿಕ್ಕಿದ್ದು ಸಣ್ಣ ವಕ್ರದೃಷ್ಟಿ, ಮತ್ತೆ ಮುಖಕ್ಕೇ ಬೀಸುವ ಫ್ಯಾನು. ಯುಗಾದಿಗೆ ಹೋದಾಗ ದೊಡ್ಡವ್ವನನ್ನೂ ಹಟ ಮಾಡಿ ಕರೆದುಕೊಂಡು ಹೋದೆ. ಪೊರೆ ಇನ್ನೂ ಶುರುವಿನದು, ಈಗಲೇ ಏನೂ ಬೇಡ, ಆಗ ಬೇಕಾಗಿದ್ದದ್ದು ಬರೀ ಚಾಳೀಸು ಅಂದರು. ನಲವತ್ತಕ್ಕೆ ಬರುವುದಕ್ಕೇ ಅದಕ್ಕೆ ಚಾಳೀಸು ಅಂತ ಹೆಸರು. ರೋಗ ಯಾವಾಗ ಬರುತ್ತದೆ ಅಂತ ಹೆಸರಲ್ಲೇ ಇದ್ದರೂ ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕೂಲಿಕಾರರ ಮೇಲೆ ಒಂದು ಪ್ರಯೋಗ ನಡೆದು 2018ರಲ್ಲಿ ವರದಿ ಬಂದಿತ್ತು. ಹತ್ತಿರದ ಕನ್ನಡಕ ಸಿಕ್ಕವರು ಸಿಗದವರಿಗಿಂತ ಶೇಕಡಾ 20ಕ್ಕೂ ಹೆಚ್ಚು ಜಾಸ್ತಿ ಎಲೆ ಕಿತ್ತರು. ಬೇಕಾದದ್ದು ಅಷ್ಟು ಸಣ್ಣದು.

ಕನ್ನಡಕ ಹಾಕಿಕೊಂಡ ದೊಡ್ಡವ್ವ ಮೊದಲು ನೋಡಿದ್ದು ಉಟ್ಟಿದ್ದ ಸೀರೆಯ ಸೆರಗನ್ನು. ಬೆರಳಿಟ್ಟು ಸ್ವಲ್ಪ ಹೊತ್ತು ಎಳೆ ಎಣಿಸಿದಳು. ಆಮೇಲೆ, "ಇಪ್ಪತ್ತ ವರ್ಷ ಸುಮ್ಮ ಸುಮ್ಮನ ಕಳದ್ನೆಲ್ಲೋ ತಮ್ಮಾ" ಅಂದಳು. ನನಗೆ ಉತ್ತರ ಕೊಡಲಾಗಲಿಲ್ಲ.

ನಿಮ್ಮ ಮನೆಯಲ್ಲೂ 'ಕಣ್ಣು ಸೋತವು' ಅಂತ ಸೂಜಿಯನ್ನೋ, ಪುಸ್ತಕವನ್ನೋ ಎತ್ತಿಟ್ಟವರು ಇರಬಹುದು. ಈ ಸಲ ಊರಿಗೆ ಹೋದಾಗ ಒಮ್ಮೆ ಕೇಳಿ. ಈಗ ಪರದೆಯಿಂದ ಕಣ್ಣು ತೆಗೆದು ಕಿಟಕಿಯಾಚೆ ಸ್ವಲ್ಪ ದೂರ ನೋಡಿ, ರೆಪ್ಪೆ ಬಡಿಯಿರಿ. ನಾನೂ ಏಳುತ್ತೇನೆ.